ಕೈ ಕಟ್, ಬಾಯ್ ಬಿಡು!

"ಕೈ ಕಟ್, ಬಾಯ್ ಮುಚ್!"

ಕನ್ನಡ ಶಾಲೇಲಿ ಓದಿದವರಿಗೆ ಈ ಮಾತನ್ನ ವಿವರಿಸೋದು ಬೇಕಿಲ್ಲ. ಇನ್ಸ್‌ಪೆಕ್ಟರ್ ಬರ್ಲಿ, ಹೆಡ್ ಮೇಷ್ಟ್ರು ಬರ್ಲಿ, ಕೈ ಕಟ್, ಬಾಯ್ ಮುಚ್. ನಾವೆಲ್ಲ ಹಾಗೇ ಬೆಳೆದವರು. ಅದರಿಂದ ದೊಡ್ಡ ನಷ್ಟ ಏನೂ ಆಗಿಲ್ಲ ಬಿಡಿ. ಯಾಕಂದ್ರೆ ಬೆಲ್ ಹೊಡೆದ ಕೂಡಲೇ ಕೈನೂ ಬಿಡ್ತಿದ್ವಿ, ಬಾಯಿನೂ ಬಿಡ್ತಿದ್ವಿ.

ನನ್ನ ಅಕ್ಕನ ಮಗಳಿಗೆ ಆ ಬೆಲ್ ಹೊಡೀಲೇ ಇಲ್ಲ. ಅವಳಿಗೆ ಹೇಳಿದ್ದು ಬೇರೆ: "ಕೈ ಕಟ್, ಬಾಯ್ ಬಿಡು."

ಅವಳು ಹುಟ್ಟಿನಿಂದ ಕಿವುಡಿ. 'ಶ್ರವಣದೋಷವುಳ್ಳ ಮಗು' ಅಂತ ಬರೀಬೇಕು ಅಂತ ಯಾರಾದ್ರೂ ತಿದ್ದೋ ಮುಂಚೆ ಹೇಳಿಬಿಡ್ತೀನಿ, ಕಿವುಡು ಅನ್ನೋ ಪದದಲ್ಲಿ ನನಗೆ ಯಾವ ಅವಮಾನಾನೂ ಕಾಣಲ್ಲ. ಅವಮಾನ ಇರೋದು ಬೇರೆ ಕಡೆ. ಅದನ್ನೇ ಇವತ್ತು ಬರೀತಿರೋದು. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಸಿಟ್ಟೂ ಇದೆ. ಓದೋವರೆಗೂ ಓದಿ.

ಎರಡೂವರೆ ವರ್ಷಕ್ಕೆ ಕಿವಿ ಕೇಳಲ್ಲ ಅಂತ ಗೊತ್ತಾಯ್ತು. ಮೊದಲು ಕಿವಿ ಮಿಷನ್ನು, ನಾಲ್ಕು ದಾಟಿದ ಮೇಲೆ ಇಂಪ್ಲಾಂಟ್ ಆಪರೇಷನ್ನು, ಜತೆಗೆ ಥೆರಪಿ. ಒಂದ್ಸಲ ನಾನೂ ಥೆರಪಿಗೆ ಹೋಗಿ ಕೂತಿದ್ದೆ. ತುಟಿ ನೋಡಿ ಊಹೆ ಮಾಡದೆ ಕಿವೀಲೇ ಕೇಳ್ಬೇಕು ಅಂತ ಬಾಯಿಗೆ ಒಂದು ಕಾಗದ ಅಡ್ಡ ಹಿಡಿದು 'ಆ, ಈ, ಊ, ಶ್, ಸ್, ಮ್' ಅನ್ನೋದು. ಮಗು ಕೇಳಿಸಿದಾಗೆಲ್ಲ ಒಂದು ಮಣಿ ಡಬ್ಬಕ್ಕೆ ಹಾಕೋದು. ಅದರಲ್ಲಿ ತಪ್ಪೇನಿಲ್ಲ, ಕಿವಿಗೆ ಅಭ್ಯಾಸ ಬೇಕೇ ಬೇಕು. ಕೊನೇಲಿ ಅಕ್ಕಂಗೆ ಹೇಳಿದ ಮಾತು ಕೇಳಿ: "ಮನೇಲಿ ಕೈ ಆಡಿಸ್ಬೇಡಿ. ನೀರು ಬೇಕು ಅಂತ ಹೆಬ್ಬೆರಳು ಬಾಯಿಗೆ ತೋರಿಸಿದ್ರೆ ಕೊಡ್ಬೇಡಿ. ಬಾಯಲ್ಲಿ ಹೇಳೋವರೆಗೂ ಕಾಯಿರಿ. ಸನ್ನೆಗೆ ಒಗ್ಗಿಕೊಂಡ್ರೆ ಮಗು ಸೋಮಾರಿ ಆಗುತ್ತೆ, ಆಮೇಲೆ ಮಾತೇ ಬರಲ್ಲ."

ಅಕ್ಕ ಕಾದಳು. ಬಾಯಾರಿದ ಮಗೂನ ಎದುರು ಕೂರಿಸಿಕೊಂಡು, ಲೋಟ ಕೈಯಲ್ಲಿ ಹಿಡಿದುಕೊಂಡು ಕಾದಳು. ಎರಡು ವರ್ಷ. ಆರು ತುಂಬೋ ಹೊತ್ತಿಗೆ ನಮ್ಮ ಹುಡುಗಿ ಹತ್ರ ಇದ್ದದ್ದು ಇಪ್ಪತ್ತೋ ಮೂವತ್ತೋ ಪದ. ಅಮ್ಮ, ಬಾ, ನೀಯಿ (ನೀರು), ಕೊಡು, ಬೇಡ.

ಈ ಪಟ್ಟೀಲಿ ಏನಿಲ್ಲ ನೋಡಿ. 'ಯಾಕೆ' ಇಲ್ಲ. 'ಗೊತ್ತಿಲ್ಲ' ಇಲ್ಲ. 'ಮರೆತೆ' ಇಲ್ಲ. 'ಅಂದುಕೊಂಡೆ' ಇಲ್ಲ.

ನನ್ನ ಜಗಳ ಇರೋದು ಈ ಇಲ್ಲದ ಪದಗಳ ಬಗ್ಗೆ.

*

ಒಂದು ಸಂಜೆ ಕತೆ ಹೇಳ್ತೀನಿ. ಭಾವ ಪೇಟೆಗೆ ಹೊರಟಾಗ ಇಬ್ಬರು ಮಕ್ಕಳೂ ಬಣ್ಣದ ಪೆನ್ಸಿಲ್ಲಿನ ಹಳೇ ಡಬ್ಬ ತೋರಿಸಿ, ಹೊಸದು ತರಬೇಕು ಅಂತ ಒಪ್ಪಿಸಿ ಕಳಿಸಿದ್ರು. ಭಾವ ತಲೆ ಆಡಿಸಿದ್ರು. ಸಂಜೆ ಬಂದಾಗ ಕೈ ಖಾಲಿ. ಬಾಗಿಲಲ್ಲೇ ನಿಂತು ಅಕ್ಕಂಗೆ ಹೇಳಿದ್ರು: "ಅಂಗಡಿ ಬಾಗ್ಲು ಹಾಕಿತ್ತು ಕಣೇ, ಅವರ ಮನೇಲಿ ಯಾರೋ ಹೋಗ್ಬಿಟ್ರಂತೆ. ನನಗೇನ್ ಗೊತ್ತು, ಇರುತ್ತೆ ಅಂದ್ಕೊಂಡು ಹೋದೆ."

ನಾಲ್ಕು ವರ್ಷದ ತಮ್ಮ ಅಲ್ಲೇ ಗೋಡೆಗೆ ಒರಗಿಕೊಂಡು ಆಡ್ತಾ ಇದ್ದ. ಈ ಮಾತು ಅವನಿಗೆ ಹೇಳಿದ್ದಲ್ಲ. ಆದ್ರೂ ಕಿವಿಗೆ ಬಿತ್ತು. ಸ್ವಲ್ಪ ಮುಖ ಊದಿಸ್ಕೊಂಡ, ಆಮೇಲೆ ನನ್ನ ಹತ್ರ ಬಂದು "ಅಪ್ಪಂಗೆ ಗೊತ್ತಿರ್ಲಿಲ್ಲ ಮಾಮ, ನಾಳೆ ತರ್ತಾರೆ" ಅಂದ.

ಆರು ವರ್ಷದ ಅಕ್ಕ? ಅವಳಿಗೆ ಕಂಡಿದ್ದು ಖಾಲಿ ಕೈ, ಅಷ್ಟೇ. ಅಪ್ಪ ಹೂಂ ಅಂತ ತಲೆ ಆಡಿಸಿದ್ರು, ಅಪ್ಪ ತರಲಿಲ್ಲ. ನಡುವೆ ಬಾಗಿಲು ಹಾಕಿದ ಅಂಗಡಿ ಇಲ್ಲ, ಸಾವಿಲ್ಲ, 'ಅಂದ್ಕೊಂಡೆ' ಇಲ್ಲ. ಅವಳು ಭಾವನ ಕೈ ಕಚ್ಚಿದಳು. ರಕ್ತ ಬರೋ ಹಾಗೆ.

ಮನೆಯಲ್ಲಿ ಎಲ್ಲರೂ ಒಂದೇ ಮಾತು. "ಕಿವುಡರಿಗೆ ಕೋಪ ಜಾಸ್ತಿ." "ಮೊಂಡು." "ಇನ್ನೊಬ್ಬರ ಕಷ್ಟ ಅರ್ಥವೇ ಆಗಲ್ಲ ಇದಕ್ಕೆ."

ಕೊನೇ ಮಾತು ನಿಜ ರೀ. ಅರ್ಥ ಆಗಲ್ಲ. ಆದರೆ ಅದು ಅವಳ ಗುಣ ಅಲ್ಲ. ನಾವು ಕೊಡದೆ ಇಟ್ಟುಕೊಂಡಿದ್ದರ ಫಲ.

*

ಮಕ್ಕಳಿಗೆ ಇನ್ನೊಬ್ಬರ ಮನಸ್ಸು ಅರ್ಥ ಆಗೋದು ಹೇಗೆ? ನಾವು ಇದನ್ನ ಹಲ್ಲು ಬಂದ ಹಾಗೆ ಅಂದುಕೊಂಡಿದೀವಿ. ವಯಸ್ಸಾದ ಹಾಗೆ ತಾನಾಗೇ ಬರುತ್ತೆ, ಬರದಿದ್ರೆ ಮಗುವಿನಲ್ಲೇ ಏನೋ ಐಬು.

1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಅನ್ನೋ ಇಬ್ಬರು ಒಂದು ಪುಟ್ಟ ಕತೆ ಮಾಡಿ ಮಕ್ಕಳಿಗೆ ತೋರಿಸಿದ್ರು. ಮ್ಯಾಕ್ಸಿ ಅನ್ನೋ ಹುಡುಗ ಚಾಕೊಲೇಟನ್ನ ಒಂದು ಕಪಾಟಲ್ಲಿಟ್ಟು ಆಡೋಕೆ ಹೋಗ್ತಾನೆ. ಅವನಿಲ್ಲದಾಗ ಅಮ್ಮ ಅದನ್ನ ಇನ್ನೊಂದು ಕಪಾಟಿಗೆ ಸಾಗಿಸ್ತಾಳೆ. ಮ್ಯಾಕ್ಸಿ ವಾಪಸ್ ಬಂದು ಎಲ್ಲಿ ಹುಡುಕ್ತಾನೆ? ನಿಮಗೆ ನಗು ಬರಬಹುದು, ಇದೂ ಒಂದು ಪ್ರಶ್ನೆನಾ ಅಂತ. ಆದರೆ ಮೂರರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಒಬ್ಬರೂ ಸರಿಯಾಗಿ ಹೇಳಲಿಲ್ಲ. ಎಲ್ಲರೂ ಚಾಕೊಲೇಟ್ ಈಗ ಎಲ್ಲಿದೆಯೋ ಅಲ್ಲಿಗೇ ಬೆರಳು ತೋರಿಸಿದ್ರು. ನಾಲ್ಕರಿಂದ ಆರರವರಲ್ಲಿ ನೂರಕ್ಕೆ 57, ಆರರಿಂದ ಒಂಬತ್ತರವರಲ್ಲಿ ನೂರಕ್ಕೆ 86 ಸರಿ ಹೇಳಿದ್ರು. ಇದನ್ನ ಆಮೇಲೆ ಎಷ್ಟೋ ದೇಶಗಳಲ್ಲಿ ಬೇರೆ ಬೇರೆ ರೂಪದಲ್ಲಿ ಮಾಡಿದಾರೆ. 2001ರಲ್ಲಿ ವೆಲ್‌ಮನ್ ಮತ್ತು ಜತೆಗಾರರು ಅಂಥ 178 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಎಲ್ಲಾ ಕಡೆ ಮಕ್ಕಳು ಇದೇ ಮೆಟ್ಟಿಲು ಹತ್ತುತ್ತಾರೆ, ಹತ್ತೋ ವಯಸ್ಸು ಮಾತ್ರ ಒಂದಷ್ಟು ಹಿಂದೆ ಮುಂದೆ.

ಅಂದ್ರೆ ಮಗು ಕಲಿಯೋದು ಇಷ್ಟು: ಜಗತ್ತು ಒಂದು, ಜಗತ್ತಿನ ಬಗ್ಗೆ ಒಬ್ಬೊಬ್ಬರ ತಲೇಲಿ ಇರೋದು ಇನ್ನೊಂದು. ಅಪ್ಪನ ತಲೇಲಿ ಅಂಗಡಿ ತೆಗೆದಿತ್ತು, ಊರಲ್ಲಿ ಬಾಗ್ಲು ಹಾಕಿತ್ತು. ಇದು ತಿಳಿದವನಿಗೆ ಅಪ್ಪ ಪಾಪ. ತಿಳಿಯದವನಿಗೆ ಅಪ್ಪ ಮೋಸಗಾರ.

ಹಾಗಾದ್ರೆ ಮೆಟ್ಟಿಲು ಹತ್ತಿಸೋದು ಯಾರು? ಜೂಡಿ ಡನ್ ಮತ್ತು ಜತೆಗಾರರು 50 ಮನೆಗಳಿಗೆ ಹೋಗಿ, ಮೂರು ವರ್ಷ ಇನ್ನೂ ತುಂಬದ ಮಕ್ಕಳ ಸುತ್ತ ನಡೆಯೋ ಮಾತುಕತೆ ಗಮನಿಸಿದ್ರು. ಆ ಅಧ್ಯಯನ ಅಚ್ಚಾಗಿದ್ದು 1991ರಲ್ಲಿ. ಯಾವ ಮನೇಲಿ 'ಅವನಿಗೆ ಬೇಜಾರಾಯ್ತು, ಯಾಕೆ ಗೊತ್ತಾ' ಅನ್ನೋ ಥರದ ಮಾತು ಹೆಚ್ಚಿತ್ತೋ ಆ ಮನೆ ಮಕ್ಕಳು ಏಳು ತಿಂಗಳಾದ ಮೇಲೆ ಇಂಥ ಪ್ರಶ್ನೆಗಳಲ್ಲಿ ಮುಂದಿದ್ರು. ಪರ್ನರ್ ಜತೆಗಾರರು 1994ರಲ್ಲಿ ಇನ್ನೊಂದು ಹೇಳಿದ್ರು: ಅಣ್ಣ ತಮ್ಮ ಅಕ್ಕ ತಂಗಿ ಇರೋ ಮಕ್ಕಳು ಬೇಗ ಹತ್ತುತ್ತಾರೆ. ಇದಕ್ಕೆ ನಮಗೆ ವಿಜ್ಞಾನಿ ಬೇಡ ಬಿಡಿ. "ನೀನೇ ತಿಂದಿದ್ದು", "ನಾನಲ್ಲ", "ನೋಡಿದೆ", "ಸುಳ್ಳು", "ಅಮ್ಮಾ ಇವನು ಬೇಕಂತಲೇ ಮಾಡ್ದ" - ದಿನಕ್ಕೆ ನಲವತ್ತು ಸಲ ನಡೆಯೋ ಈ ಜಗಳ ಇದೆಯಲ್ಲ, ಇದೇ ಪಾಠಶಾಲೆ.

ನಮ್ಮ ಭಾಷೆ ಇದನ್ನ ಎಷ್ಟು ಚೆನ್ನಾಗಿ ಹಿಡಿದಿಟ್ಟಿದೆ ನೋಡಿ. ಯೋಚನೆ ಮಾಡೋದಕ್ಕೆ ನಾವು ದಿನಾ ಬಳಸೋ ಮಾತು ಏನು? ಅಂದುಕೊಳ್ಳೋದು. ಅನ್ನು + ಕೊಳ್ಳು. ಅಂದ್ರೆ ತನಗೆ ತಾನೇ ಅನ್ನೋದು. 'ಅಂಗಡಿ ಇರುತ್ತೆ ಅಂತ ಅಂದುಕೊಂಡೆ'. ಹೊರಗೆ ಅಂದಿದ್ದನ್ನ ಕೇಳಿ ಕೇಳಿ, ಒಳಗೆ ಅಂದುಕೊಳ್ಳೋದು ಅಂತ ಒಂದಿದೆ ಅನ್ನೋದು ಮಗುವಿಗೆ ಹೊಳೆಯುತ್ತೆ. ಕನ್ನಡ ಕೇಳೋ ಮಗುವಿನ ಕಿವಿಗೆ ಈ 'ಅಂತ' ದಿನಕ್ಕೆ ಎಷ್ಟು ನೂರು ಸಲ ಬೀಳುತ್ತೋ ಲೆಕ್ಕ ಹಾಕಿ. ಬರ್ತಾನಂತೆ, ಗೊತ್ತಿಲ್ವಂತೆ, ಮರೆತನಂತೆ.

ನಮ್ಮ ಹುಡುಗಿಗೆ ಬಿದ್ದದ್ದು ಎಷ್ಟು? 'ಆ, ಈ, ಊ, ಶ್, ಸ್, ಮ್'.

*

"ಕಿವುಡು ಅಂದ್ಮೇಲೆ ಅಷ್ಟೇ ಅಲ್ವಾ, ಯಾರೇನ್ ಮಾಡೋಕಾಗುತ್ತೆ" ಅಂತೀರಾ? ಅಲ್ಲೇ ನೀವು ತಪ್ಪೋದು.

ಇಂಥದೇ ಒಂದು ಕತೆಯನ್ನ 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಅನ್ನೋರು ಆಟಿಸಂ ಇರೋ 20 ಮಕ್ಕಳಿಗೆ ತೋರಿಸಿದ್ರು, 16 ಮಂದಿ ತಪ್ಪಿದ್ರು. ಅಲ್ಲಿಂದ ಈ ಪರೀಕ್ಷೆ ಹೆಸರುವಾಸಿ ಆಯ್ತು. ಹತ್ತು ವರ್ಷ ಆದಮೇಲೆ, 1995ರಲ್ಲಿ, ಆಸ್ಟ್ರೇಲಿಯಾದ ಪೀಟರ್ಸನ್ ಮತ್ತು ಸೀಗಲ್ ಅದನ್ನೇ 8ರಿಂದ 13 ವರ್ಷದ ಕಿವುಡ ಮಕ್ಕಳ ಮುಂದಿಟ್ಟರು. ಬುದ್ಧೀಲಿ ಏನೂ ಕಮ್ಮಿ ಇಲ್ಲದ ಮಕ್ಕಳು. ಅವರಲ್ಲೂ ಹೆಚ್ಚಿನವರು ತಪ್ಪಿದ್ರು. ಕಿವಿ ಕೇಳೋ ನಾಲ್ಕೈದು ವರ್ಷದ ಮಗು ಹೇಳೋದನ್ನ ಹತ್ತು ವರ್ಷದ ಮಗು ಹೇಳಲಿಲ್ಲ.

ಇಲ್ಲಿಗೇ ಓದು ನಿಲ್ಲಿಸಿದವರು "ನಾವು ಹೇಳ್ಲಿಲ್ವಾ" ಅಂತಾರೆ. ಮುಂದಕ್ಕೆ ಓದಿ ಸ್ವಾಮಿ.

ಎಲ್ಲಾ ಕಿವುಡ ಮಕ್ಕಳೂ ತಪ್ಪಲಿಲ್ಲ. ಯಾರ ಅಪ್ಪ ಅಮ್ಮನೂ ಕಿವುಡರೋ, ಯಾರ ಮನೇಲಿ ಹುಟ್ಟಿದ ದಿನದಿಂದ ಸನ್ನೆ ಭಾಷೆ ನಡೀತಿತ್ತೋ, ಆ ಮಕ್ಕಳು ತಪ್ಪಲಿಲ್ಲ. 2007ರಲ್ಲಿ ಅಮೆರಿಕಾದಲ್ಲಿ ಶಿಕ್, ಇಬ್ಬರು ಡಿ ವಿಲಿಯರ್ಸ್ ಮತ್ತು ಹಾಫ್‌ಮೈಸ್ಟರ್ ಸೇರಿ 176 ಕಿವುಡ ಮಕ್ಕಳನ್ನ ನೋಡಿದ್ರು. ಕಿವುಡ ತಂದೆ ತಾಯಿಯ ಕಿವುಡ ಮಕ್ಕಳು ಕಿವಿ ಕೇಳೋ ಮಕ್ಕಳಿಗೆ ಸರಿಸಮ. ಹಿಂದೆ ಬಿದ್ದವರು ಯಾರು? ಕಿವಿ ಕೇಳೋ ತಂದೆ ತಾಯಿಯ ಕಿವುಡ ಮಕ್ಕಳು. ಬರೀ ಮಾತು ಕಲಿಸೋ ಶಾಲೆಗೆ ಹೋದವರೂ ಹಿಂದೆ, ಸನ್ನೆ ಭಾಷೆ ಶಾಲೆಗೆ ಹೋದವರೂ ಹಿಂದೆ! ಮಾತಿನ ಅಗತ್ಯ ಕಡಿಮೆ ಇರೋ, ಚಿತ್ರ ತೋರಿಸಿ ಮಾಡೋ ಪರೀಕ್ಷೆಯಲ್ಲೂ ಹಿಂದೆ. ಹಾಗಾಗಿ 'ಪ್ರಶ್ನೆ ಅರ್ಥ ಆಗಿರಲ್ಲ ಬಿಡಿ' ಅನ್ನೋ ಸಮಾಧಾನವೂ ಇಲ್ಲ.

ಎರಡು ಗುಂಪಲ್ಲೂ ಕಿವಿ ಒಂದೇ ಥರ ಸತ್ತಿದೆ. ಬೇರೆ ಇರೋದು ಮನೆ ಮಾತ್ರ. ಒಂದು ಮನೇಲಿ ಅಡುಗೆ ಮನೆ ಜಗಳ, ಚಾಡಿ, ಹರಟೆ, ಸಾಲದ ಚಿಂತೆ ಎಲ್ಲಾ ಮಗುವಿನ ಕಣ್ಣಿಗೆ ಬೀಳುತ್ತೆ. ಇನ್ನೊಂದು ಮನೇಲಿ ಮಗುವಿಗೆ ಅಂತ ಎತ್ತಿಟ್ಟ ಹತ್ತು ಪದ. ಶಾಲೇಲಿ ಸನ್ನೆ ಕಲಿತು ಮನೆಗೆ ಬಂದ್ರೆ ಮತ್ತೆ ಮೌನ. ಅಮೆರಿಕಾದ ಲೆಕ್ಕದಲ್ಲಿ ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟೋದು ಕಿವಿ ಕೇಳೋ ಮನೆಗಳಲ್ಲಿ. ಅಂದ್ರೆ ಇದು ಅಲ್ಲೊಂದು ಇಲ್ಲೊಂದು ಮಗುವಿನ ಕತೆ ಅಲ್ಲ.

ಇನ್ನೂ ನಂಬಿಕೆ ಬರದಿದ್ರೆ ನಿಕರಾಗುವಾಗೆ ಹೋಗೋಣ ಬನ್ನಿ. ಅಲ್ಲಿ ಎಪ್ಪತ್ತರ ದಶಕದವರೆಗೂ ಕಿವುಡರು ಅವರವರ ಮನೇಲಿ ಒಬ್ಬೊಬ್ಬರೇ. 1977ರಲ್ಲಿ ಮನಾಗುವಾದಲ್ಲಿ ಶಾಲೆ ಶುರುವಾಗಿ ಮಕ್ಕಳು ಒಂದೆಡೆ ಸೇರಿದ್ರು. ಟೀಚರುಗಳು ಕಲಿಸಹೊರಟಿದ್ದು ತುಟಿ ಓದೋದನ್ನ. ಮಕ್ಕಳು ಆಟದ ಬಯಲಲ್ಲಿ, ಸ್ಕೂಲ್ ಬಸ್ಸಲ್ಲಿ ತಾವೇ ಒಂದು ಹೊಸ ಸನ್ನೆ ಭಾಷೆ ಕಟ್ಟಿಬಿಟ್ರು! ಮೊದಲು ಬಂದವರ ಭಾಷೆ ಒರಟು, ಆಮೇಲೆ ಬಂದ ಚಿಕ್ಕವರು ಅದನ್ನ ಬೆಳೆಸಿದ್ರು. ಮೊದಲ ತಂಡದವರ ಭಾಷೇಲಿ 'ಗೊತ್ತು', 'ಅಂದುಕೊಂಡ' ಅನ್ನೋ ಥರದ ಸನ್ನೆಗಳು ತೀರಾ ಕಮ್ಮಿ. 2009ರಲ್ಲಿ ಪಯರ್ಸ್ ಮತ್ತು ಸೆಂಗಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮೊದಲ ತಂಡದ ದೊಡ್ಡವರು, ಕೆಲಸ ಬದುಕು ಅಂತ ಇರೋ ವಯಸ್ಕರು ರೀ, ಚಾಕೊಲೇಟ್ ಕತೆಯಂಥ ಪರೀಕ್ಷೇಲಿ ಎಡವಿದ್ರು. ಅವರಿಗಿಂತ ಹತ್ತು ವರ್ಷದಷ್ಟು ಚಿಕ್ಕವರು ಗೆದ್ದರು. ಎರಡು ವರ್ಷ ಬಿಟ್ಟು ಮತ್ತೆ ನೋಡಿದಾಗ ದೊಡ್ಡವರಿಗೂ ಆ ಸನ್ನೆಗಳು ಬಂದಿದ್ವು, ಜತೆಗೆ ಅರ್ಥ ಆಗೋದೂ ಹೆಚ್ಚಿತ್ತು.

ಬರೀ ವಯಸ್ಸು, ಬರೀ ಬದುಕಿನ ಅನುಭವ ಸಾಕಾಗಿದ್ರೆ ಆ ದೊಡ್ಡವರಿಗೆ ಅದು ಯಾವತ್ತೋ ಬರಬೇಕಿತ್ತು. ಬರಲಿಲ್ಲ. ಭಾಷೆ ಬಂತು, ಆಮೇಲೆ ಬಂತು.

ಖುಷಿ ಪಡೋ ಮಾತೂ ಇದೇ. ತಡವಾದ್ರೂ ಬರುತ್ತೆ. ಹಾಗಂತ ತಡ ಮಾಡಬಹುದು ಅಂತಲ್ಲ.

*

ಈಗ ನನಗೆ ಹೊಡೆಯೋಕೆ ಕಾದಿರೋ ಕಲ್ಲುಗಳನ್ನ ನಾನೇ ಎತ್ತಿ ಕೊಡ್ತೀನಿ.

ಕಲ್ಲು ಒಂದು: "ಭಾಷೆ ಇಲ್ಲದ ಹಸುಗೂಸುಗಳೂ ಮನಸ್ಸು ಓದುತ್ತವೆ." ಹೌದು, 2005ರಲ್ಲಿ ಒನಿಶಿ ಮತ್ತು ಬೈಯಾರ್ಜಾನ್ ಹದಿನೈದು ತಿಂಗಳ ಕೂಸುಗಳು ಎಷ್ಟು ಹೊತ್ತು ನೋಡ್ತವೆ ಅನ್ನೋದರ ಮೇಲೆ ಹಾಗೆ ವಾದಿಸಿದ್ರು. ಆಮೇಲೆ ಇಂಥ ಪ್ರಯೋಗಗಳನ್ನ ಬೇರೆ ಬೇರೆ ಲ್ಯಾಬುಗಳು ಮತ್ತೆ ಮಾಡಿದಾಗ ಕೆಲವು ಕಡೆ ಬಂತು, ಹಲವು ಕಡೆ ಬರಲಿಲ್ಲ. ಇರ್ಲಿ, ಬೀಜ ಹುಟ್ಟಿನಲ್ಲೇ ಇದೆ ಅಂತಲೇ ಇಟ್ಕೊಳ್ಳೋಣ. ಬೀಜ ಇದೆ ಅಂತ ನೀರು ನಿಲ್ಲಿಸ್ತೀರಾ?

ಕಲ್ಲು ಎರಡು: "ಸನ್ನೆ ಕಲಿತ್ರೆ ಮಾತು ಬರಲ್ಲ." ನಮ್ಮ ಮನೆ ಎರಡು ವರ್ಷ ತಿಂದ ಮಾತು ಇದು. ಪ್ರಾಮಾಣಿಕವಾಗಿ ಹೇಳ್ತೀನಿ, ಅಧ್ಯಯನಗಳು ಎರಡೂ ಕಡೆ ಎಳೀತವೆ. 2017ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೇಲಿ ಬಂದ ಗೀರ್ಸ್ ತಂಡದ ಅಧ್ಯಯನದಲ್ಲಿ, ಇಂಪ್ಲಾಂಟ್ ಆದ ಮಕ್ಕಳಲ್ಲಿ ಮನೆಯವರು ಸನ್ನೆ ಬಳಸದವರೇ ಮಾತಲ್ಲಿ ಮುಂದಿದ್ರು. ಆದರೆ ಅದಕ್ಕೆ ತಕ್ಷಣ ಆಕ್ಷೇಪಣೆಗಳೂ ಬಂದ್ವು. ಮಾತು ಸರಾಗ ಬಂದ ಮಗುವಿನ ಮನೆಯವರು ಸನ್ನೆ ಬಿಡ್ತಾರೆ, ಬರದ ಮಗುವಿನ ಮನೆಯವರು ಸನ್ನೆ ಮುಂದುವರಿಸ್ತಾರೆ. ಯಾವುದು ಕಾರಣ, ಯಾವುದು ಪರಿಣಾಮ? ಅಲ್ಲದೆ ನಾಲ್ಕು ಸನ್ನೆ ಕಲಿತ ಅಪ್ಪ ಅಮ್ಮನನ್ನ ಸನ್ನೆ ಭಾಷೆ ಬಲ್ಲವರು ಅನ್ನೋಕಾಗುತ್ತಾ? 2014ರ ಇನ್ನೊಂದು ಅಧ್ಯಯನದಲ್ಲಿ ಕಿವುಡ ತಂದೆ ತಾಯಿಯಿಂದ ಸನ್ನೆ ಭಾಷೆ ಕಲಿತು ಆಮೇಲೆ ಇಂಪ್ಲಾಂಟ್ ಆದ ಮಕ್ಕಳ ಇಂಗ್ಲಿಷ್ ಮಾತು, ಅಂಥದೇ ಮನೆಯ ಕಿವಿ ಕೇಳೋ ಮಕ್ಕಳಿಗೆ ಸಾಟಿಯಾಗಿತ್ತು. ಐದೇ ಮಕ್ಕಳು, ಅದನ್ನೂ ಮುಚ್ಚಿಡಲ್ಲ.

ಆದರೆ ನನ್ನ ಪ್ರಶ್ನೆ ಬೇರೆ. ಒಂದು ವೇಳೆ ನಿಮ್ಮ ಮಾತು ಅರ್ಧ ಸರಿ ಅಂತಲೇ ಆದ್ರೂ, ಪಣಕ್ಕೆ ಇಟ್ಟಿರೋದು ಏನು? ಉಚ್ಚಾರಣೆ ಒಂದಷ್ಟು ಸ್ಪಷ್ಟ ಆಗಲಿ ಅಂತ ಮಗುವಿನ ಎರಡು, ನಾಲ್ಕು, ಆರು ವರ್ಷ ಯಾವ ಭಾಷೆಯೂ ಇಲ್ಲದೆ ಕಾಯಿಸೋದಾ? ಮಾತು ಬಂದವರಿಗೆ ಸರಿ. ಬಾರದವರಿಗೆ? ಆ ಮಕ್ಕಳ ಹೆಸರು ಯಾವ ಜಾಹೀರಾತಲ್ಲೂ ಇರಲ್ಲ. 'ಸಹಕರಿಸಲಿಲ್ಲ', 'ತಾಯಿ ಮನೇಲಿ ಅಭ್ಯಾಸ ಮಾಡಿಸಲಿಲ್ಲ' ಅಂತ ಫೈಲಲ್ಲಿ ಬರೆದು ಕಳಿಸ್ತಾರೆ. ಈ ಎರಡನೇ ವಾಕ್ಯ ಓದಿ ನನ್ನ ಅಕ್ಕ ಬಸ್ ಸ್ಟ್ಯಾಂಡಲ್ಲಿ ಕೂತು ಅತ್ತಿದ್ದಾಳೆ.

ಕಲ್ಲು ಮೂರು: "ಆಪರೇಷನ್ ಬೇಡ, ಮಿಷನ್ ಬೇಡ ಅಂತೀರಾ?" ಅಲ್ಲ ಸ್ವಾಮಿ, ಎಲ್ಲಿ ಹೇಳಿದೆ? ಮಿಷನ್ನೂ ಇರ್ಲಿ, ಥೆರಪಿನೂ ಇರ್ಲಿ. ಮೈಸೂರಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರೋದು ನಮ್ಮ ಪುಣ್ಯ. ನಾನು ಕೇಳ್ತಿರೋದು 'ಬದಲಿಗೆ' ಅಲ್ಲ, 'ಜತೆಗೆ'. ಮನೇಲಿ ಕನ್ನಡ, ಬೀದೀಲಿ ತಮಿಳು ತೆಲುಗು, ಶಾಲೇಲಿ ಇಂಗ್ಲಿಷ್ ಅಂತ ಬೆಳೆಯೋ ಮಕ್ಕಳ ಊರಲ್ಲಿ, ಎರಡು ಭಾಷೆ ಮಗುವಿನ ತಲೆ ಕೆಡಿಸುತ್ತೆ ಅನ್ನೋಕೆ ನಿಮಗೆ ನಗು ಬರಲ್ವಾ?

ಕಲ್ಲು ನಾಲ್ಕು, ಇದು ಯಾರೂ ಬಾಯಿ ಬಿಟ್ಟು ಹೇಳಲ್ಲ: "ಕೈ ಆಡಿಸಿದ್ರೆ ಜನ ನೋಡ್ತಾರೆ." ಮದುವೆ ಮನೇಲಿ ಗೊತ್ತಾಗಿಬಿಡುತ್ತೆ. ನಾಳೆ ತಂಗಿಗೋ ತಮ್ಮನಿಗೋ ಸಂಬಂಧ ಬರಲ್ಲ. ನಿಜವಾದ ಕಲ್ಲು ಇದೇ. ಮೇಲಿನ ಮೂರೂ ಇದಕ್ಕೆ ಹಾಕಿದ ಬಟ್ಟೆ.

*

ಇದು ಇವತ್ತಿನ ರೋಗವೂ ಅಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಮೇಲೆ ಒಂದು ಸಮಾವೇಶ ಮಾಡಿ, ಮಾತೇ ಶ್ರೇಷ್ಠ, ಸನ್ನೆ ಬೇಡ ಅಂತ ನಿರ್ಣಯ ಮಾಡಿದ್ರು. ಕೈ ಎತ್ತಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳೋರೇ. ಆ ನಿರ್ಣಯ ತಪ್ಪು ಅಂತ ಅದೇ ಸಮಾವೇಶದ ಸಾಲಿನವರು ಕೆನಡಾದ ವ್ಯಾಂಕೂವರಿನಲ್ಲಿ ಒಪ್ಪಿಕೊಂಡು ವಿಷಾದ ಹೇಳಿದ್ದು 2010ರಲ್ಲಿ. ನೂರಾ ಮೂವತ್ತು ವರ್ಷ ಆದಮೇಲೆ!

ನಮ್ಮಲ್ಲಿ ಕಾಗದದ ಮೇಲೆ ಎಲ್ಲಾ ಚೆಂದ. 2015ರಲ್ಲಿ ದೆಹಲೀಲಿ ಭಾರತೀಯ ಸಂಜ್ಞಾ ಭಾಷೆಗೆ ಅಂತಲೇ ಒಂದು ಸಂಶೋಧನಾ ತರಬೇತಿ ಕೇಂದ್ರ ಆಯ್ತು. ಅವರ ನಿಘಂಟು 2018ರಲ್ಲಿ 3,000 ಪದದಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಕಿವುಡ ಮಕ್ಕಳಿಗೆ ಅವರಿಗೆ ಸೂಕ್ತವಾದ ಭಾಷೆಯಲ್ಲೇ ಕಲಿಸಬೇಕು, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನ ತಯಾರು ಮಾಡಬೇಕು ಅನ್ನುತ್ತೆ. 2020ರ ಶಿಕ್ಷಣ ನೀತೀಲೂ ಸಂಜ್ಞಾ ಭಾಷೆ ಇದೆ. ಆದರೆ ಎರಡೂವರೆ ವರ್ಷದ ಮಗೂನ ಎತ್ತಿಕೊಂಡು ಕಿವಿ ಪರೀಕ್ಷೆ ಮಾಡಿಸಿ ಹೊರಗೆ ಬಂದ ನನ್ನ ಅಕ್ಕನ ಕೈಗೆ ಕೊಟ್ಟಿದ್ದು ಮಿಷನ್ನಿನ ರೇಟ್ ಪಟ್ಟಿ ಮಾತ್ರ. "ಸನ್ನೆ ಭಾಷೆ ಅಂತ ಒಂದಿದೆ, ಇಂಥಲ್ಲಿ ಕಲೀರಿ" ಅಂತ ಒಂದು ಸಾಲು? ಯಾರೂ ಹೇಳಲಿಲ್ಲ.

*

ಹೇಳಿದ್ದು ಯಾರು ಗೊತ್ತಾ? ಅವರ ಊರಲ್ಲೇ ಬ್ಲೌಸ್ ಹೊಲಿಯೋ ಒಬ್ಬ ಹೆಂಗಸು. ಆಕೆಯೂ ಕಿವುಡಿ. ಅಕ್ಕ ಅಳತೆ ಕೊಡೋಕೆ ಹೋದಾಗ ಜತೆಗೆ ಹುಡುಗಿ ಇದ್ದಳು. ಆಕೆ ಹುಡುಗಿ ಕಡೆ ತಿರುಗಿ ಕೈಯಲ್ಲಿ ಏನೋ ಹೇಳಿದ್ರಂತೆ. ನಮ್ಮ ಹುಡುಗಿ, ಯಾರ ಮುಖವನ್ನೂ ಹತ್ತು ಸೆಕೆಂಡ್ ನೋಡದವಳು, ಒಂದು ಗಂಟೆ ಅಲ್ಲಿಂದ ಏಳಲಿಲ್ಲವಂತೆ.

ಅಕ್ಕ ಅವತ್ತಿಂದ ಲೋಟ ಹಿಡಿದು ಕಾಯೋದು ಬಿಟ್ಟಳು. ವಾರಕ್ಕೆ ಮೂರು ದಿನ ಟೈಲರ್ ಮನೆ, ಉಳಿದ ದಿನ ಯೂಟ್ಯೂಬಲ್ಲಿ ಸಂಜ್ಞಾ ಭಾಷೆ ಪಾಠ. ಭಾವ ಮೊದಲು ನಾಚಿಕೊಂಡ್ರು, ಆಮೇಲೆ ಕಲಿತರು. ತಮ್ಮ ಎಲ್ಲರಿಗಿಂತ ಬೇಗ ಕಲಿತ, ಈಗ ಅಕ್ಕ ತಮ್ಮ ನಮಗೆ ಅರ್ಥ ಆಗದಷ್ಟು ಜೋರಾಗಿ ಜಗಳ ಆಡ್ತಾರೆ. ಮಿಷನ್ನೂ ಕಿವೀಲಿದೆ, ಥೆರಪಿನೂ ನಡೀತಿದೆ. ಬಾಯಿ ಪದಗಳು ಕಮ್ಮಿ ಆಗಿಲ್ಲ, ಹೆಚ್ಚಾಗಿವೆ. ಇದು ಒಂದು ಮಗುವಿನ ಕತೆ, ಒಂದು ಮಗುವಿಂದ ಏನೂ ಸಾಬೀತಾಗಲ್ಲ ಅಂತ ನನಗೂ ಗೊತ್ತು. ಅದಕ್ಕೇ ಮೇಲೆ ಅಷ್ಟೆಲ್ಲ ಬರೆದಿದ್ದು.

ಈಗ ಅವಳಿಗೆ ಎಂಟು. ಹೋದ ದೀಪಾವಳೀಲಿ ಅಕ್ಕನ ಫೋನು. ದನಿ ನಡುಗ್ತಾ ಇತ್ತು, ನನಗೆ ಎದೆ ಝಲ್ ಅಂತು.

"ಏನಾಯ್ತೇ?"

"ಸುಳ್ಳು ಹೇಳಿದ್ಳು ಕಣೋ!"

ವಿಷಯ ಇಷ್ಟು. ಅಕ್ಕನ ಅತ್ತೆ ಚಕ್ಕುಲಿ ಡಬ್ಬ ಮೇಲಿಟ್ಟು, ಪೂಜೆ ಆಗೋವರೆಗೂ ಮುಟ್ಟಬೇಡಿ ಅಂದಿದ್ರು. ಅಕ್ಕ ಹಿತ್ತಲಲ್ಲಿದ್ದಳು. ನಮ್ಮ ಹುಡುಗಿ ಅಜ್ಜಿ ಹತ್ರ ಹೋಗಿ ಕೈಯಲ್ಲಿ "ಅಮ್ಮ ಹೂಂ ಅಂದ್ಳು, ಎರಡು ತಗೋ ಅಂದ್ಳು" ಅಂತ ಹೇಳಿ, ಇಳಿಸಿಕೊಂಡು, ತಮ್ಮನಿಗೊಂದು ಕೊಟ್ಟು ತಿಂದು ಮುಗಿಸಿದ್ಲು!

ನೋಡಿ ಅದರೊಳಗೆ ಏನೇನಿದೆ. ಅಮ್ಮ ಹಿತ್ತಲಲ್ಲಿ ಏನು ಅಂದಳು ಅನ್ನೋದು ಅಜ್ಜಿಗೆ ಗೊತ್ತಿಲ್ಲ ಅನ್ನೋದು ಅವಳಿಗೆ ಗೊತ್ತು. ತಾನು ಹೇಳಿದ್ದನ್ನ ಅಜ್ಜಿ ನಿಜ ಅಂದುಕೊಳ್ತಾರೆ ಅನ್ನೋದೂ ಗೊತ್ತು. ಎರಡು ವರ್ಷದ ಹಿಂದೆ ಖಾಲಿ ಕೈ ನೋಡಿ ಅಪ್ಪನನ್ನ ಕಚ್ಚಿದ ಹುಡುಗಿ ಇದು. ಅದೇ ಕಿವಿ, ಅದೇ ತಲೆ.

"ಬೈದೆಯಾ?" ಅಂದೆ.

"ಬೈದೆ. ಕೈಯಲ್ಲೇ ಬೈದೆ. ಅತ್ತೆ ಬಂದು, ಪಾಪ ಮಗು ಅಂದ್ಕೊಂಡೆ, ಕಳ್ಳಿ ಇದು ಅಂದ್ರು. ನನಗೆ ನಗು ಬಂದ್ಬಿಡ್ತು ಕಣೋ."

ಡಾಕ್ಟರ್‌ಗಳೇ, ಥೆರಪಿ ಮಾಡೋರೇ, ಟೀಚರ್‌ಗಳೇ, ನಿಮ್ಮ ಕೆಲಸಕ್ಕೆ ನನ್ನ ನಮಸ್ಕಾರ. ಒಂದೇ ಕೋರಿಕೆ. ಮುಂದಿನ ಸಲ ಒಬ್ಬ ತಾಯಿಗೆ ಕಿವಿ ಮಿಷನ್ನಿನ ಚೀಟಿ ಬರೆದುಕೊಡುವಾಗ ಅದರ ಕೆಳಗೆ ಇನ್ನೊಂದು ಸಾಲು ಬರೀರಿ: ಸನ್ನೆ ಭಾಷೆ ಕಲೀರಿ, ಇವತ್ತೇ, ಮನೆಮಂದಿಯೆಲ್ಲ. ಮತ್ತೆ ಅಪ್ಪ ಅಮ್ಮಂದಿರೇ, ಯಾರೂ ಬರೆದುಕೊಡದಿದ್ರೆ ಕಾಯಬೇಡಿ. ನಿಮ್ಮ ಊರಲ್ಲೂ ಯಾರೋ ಕಿವುಡ ಟೈಲರೋ, ಪ್ರೆಸ್ಸಲ್ಲಿ ಕೆಲಸ ಮಾಡೋರೋ, ಬೇಕರಿಯವರೋ ಇದ್ದೇ ಇರ್ತಾರೆ. ಹೋಗಿ ಎದುರು ಕೂತ್ಕೊಳ್ಳಿ. ನಾಚಿಕೆ ಪಡೋಕೆ ಸಮಯ ಇಲ್ಲ, ಮಗು ಬೆಳೀತಾ ಇದೆ.

ಕೈ ಕಟ್ಟಿಸಬೇಡಿ ರೀ. ಬಾಯಿ ಬಿಡೋದು ನಾಳೆ ಆಗ್ಲಿ, ನಾಡಿದ್ದಾಗ್ಲಿ. ಅಲ್ಲೀವರೆಗೂ ಆ ಮಗುವಿಗೆ 'ಅಪ್ಪ ಯಾಕೆ ತರಲಿಲ್ಲ' ಅನ್ನೋದಾದ್ರೂ ಗೊತ್ತಾಗ್ಲಿ.

ಏನಂತೀರಿ?